ಬಾನೆಟ್ಟಿನ ಕೆಳಗಿನ ಕಪ್ಪು

ಹೊಳೆನರಸೀಪುರದ ನಮ್ಮ ಮನೆಯ ಹಿತ್ತಲಲ್ಲಿ ಚಿಕ್ಕಪ್ಪನ 1982ರ ಪ್ರೀಮಿಯರ್ ಪದ್ಮಿನಿ ಹನ್ನೊಂದು ವರ್ಷ ತಾರ್ಪಾಲು ಹೊದ್ದು ನಿಂತಿತ್ತು. ಅದನ್ನು ಮತ್ತೆ ರಸ್ತೆಗಿಳಿಸಲು ಹೊರಟಾಗ ಹೊರಮೈಗೆ ಯಾವ ಬಣ್ಣವೆಂದು ಮನೆಯವರೆಲ್ಲ ಬಾಯಿ ಹಾಕಿದರು. ಬಾನೆಟ್ ಎತ್ತಿದರೆ ಮಾತ್ರ ಕಾಣುವ ಕಪ್ಪಿನ ಬಗ್ಗೆ ಮಾತಾಡಿದ್ದು ನಾನು ಮತ್ತು ಪೇಂಟರು, ಇಬ್ಬರೇ.

ಅಲ್ಲಿ ಕಪ್ಪು ಬಳಿಯುವುದು ಅಂದಕ್ಕಲ್ಲ. ಬ್ಯಾಟರಿ ಕೂರುವ ತಟ್ಟೆಯ ಮೇಲೆ ಆಸಿಡ್ ಜಿನುಗುತ್ತದೆ. ಬ್ರೇಕ್ ಆಯಿಲ್ ಬಿದ್ದರೆ ಸಾಮಾನ್ಯ ಎನಾಮೆಲ್ ಉಬ್ಬಿ ಸಿಪ್ಪೆಯಂತೆ ಏಳುತ್ತದೆ. ಎಕ್ಸಾಸ್ಟಿನ ಬಿಸಿಗಂತೂ ಬೇರೆಯದೇ ಸಿಲಿಕೋನ್ ಬಣ್ಣ ಬೇಕು. ಅದು ಕಾದ ಮೇಲೆಯೇ ಗಟ್ಟಿಯಾಗುವುದು. ಬಿಚ್ಚಿ ತರಬಹುದಾದ ಭಾಗಗಳಿಗೆ ಪೌಡರ್ ಕೋಟಿಂಗ್ ಒಳ್ಳೆಯದು. ಆದರೆ ಒಂದು ಕಡೆ ಚಕ್ಕೆ ಎದ್ದರೆ ಅದರಡಿಯಲ್ಲೇ ತುಕ್ಕು ಹರಿದಾಡುತ್ತದೆ, ಮೇಲಿನಿಂದ ಎಲ್ಲ ನುಣ್ಣಗೆ. (ಇಂಥ ಮನುಷ್ಯರೂ ಇದ್ದಾರೆ, ಬಿಡಿ.)

ಬಿಚ್ಚಲಾಗದ ಒಳಮೈಗೆ ಪೇಂಟರು ಟು-ಕೆ ಎಂದರು. ಬಣ್ಣಕ್ಕೆ ಹಾರ್ಡನರ್ ಬೆರೆಸಿ ಗನ್ನಿನಲ್ಲಿ ಹೊಡೆಯುವುದು. "ಪೆಟ್ರೋಲ್ ಚೆಲ್ಲುದ್ರೂ ಜಗ್ಗಲ್ಲ ಸಾ, ಹತ್ತು ವರ್ಷ ಮರೆತ್ಬಿಡಿ."

ಹಾರ್ಡನರ್ ಡಬ್ಬದ ಮೇಲಿನ ಸಣ್ಣಕ್ಷರ ಓದಿದೆ. ಐಸೊಸಯನೇಟ್. ಗನ್ನಿನಿಂದ ಮಂಜಾಗಿ ಹಾರಿದಾಗ ಉಸಿರಿನೊಳಗೆ ಹೋಗಿ ಉಬ್ಬಸ ತರಬಲ್ಲದ್ದು. ಒಮ್ಮೆ ಮೈ ಅದಕ್ಕೆ ತಿರುಗಿಬಿದ್ದರೆ ಆಮೇಲೆ ತೀರಾ ಸ್ವಲ್ಪವೇ ಸಾಕು. ಅಪಾಯದ ಮಟ್ಟದಲ್ಲೂ ಮೂಗಿಗೆ ವಾಸನೆ ಗೊತ್ತಾಗದಿರಬಹುದು. ಇದಕ್ಕೆ ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮುಸುಕು ಬೇಕು. ಪೇಂಟರ ಹತ್ತಿರ ಇದ್ದದ್ದು ಚೌಕಳಿ ಕರ್ಚೀಫು.

ಬಾಳಿಕೆಯ ಬಣ್ಣ ಯಾವುದೆಂದು ಕೇಳುತ್ತಿದ್ದವನಿಗೆ, ಯಾವುದರ ಬಾಳಿಕೆ ಎಂಬ ಪ್ರಶ್ನೆ ಎದುರಾದದ್ದು ಆಗ. ತಗಡು ಹತ್ತು ವರ್ಷ ಉಳಿಯಲೆಂದು ಇನ್ನೊಬ್ಬರ ಶ್ವಾಸಕೋಶ ಅಡವಿಡಬಹುದೇ? ಹೊಳೆಯ ತೇವಕ್ಕೆ ತುಕ್ಕು ಬೇಗ ಬರುತ್ತದೆ, ನಿಜ. ಬ್ರಶ್ಶಿನಲ್ಲಿ ಬಳಿಯುವ ಚಾಸಿ ಬ್ಲ್ಯಾಕ್ ಎರಡು ಮೂರು ವರ್ಷಕ್ಕೆ ಎದ್ದೀತು; ಎದ್ದ ಕಡೆ ಉಜ್ಜಿ ಮತ್ತೆ ಬಳಿದರಾಯಿತು. ಅದನ್ನೇ ಬಳಿಯಿರಿ ಎಂದೆ.

ನನ್ನ ನಿರ್ಧಾರ ಅವರಿಗೆ ಖುಷಿ ಕೊಡಲಿಲ್ಲ. ಬ್ರಶ್ ಕೆಲಸಕ್ಕೆ ಕೂಲಿ ಕಡಿಮೆ. "ಇಪ್ಪತ್ತು ವರ್ಷದಿಂದ ಹೊಡೀತಿದೀನಿ ಸಾ. ನೀವ್ ಬೇಡ ಅಂದ್ರೆ ನಾಳೆ ಇನ್ನೊಂದ್ ಗಾಡಿ ಬತ್ತದೆ." ಮುಸುಕು ಕೊಡಿಸುತ್ತೇನೆ ಎಂದೆ. ಬೆಲೆ ಕೇಳಿ ನಕ್ಕು, ಆ ದುಡ್ಡು ಕೈಗೆ ಕೊಡಿ ಎಂದರು. ನನ್ನ ಕರುಣೆಯ ಬಿಲ್ಲು ಅವರ ಜೇಬಿಗೇ ಹೋಗಿದೆಯೆಂದು ಆಗ ಹೊಳೆಯಿತು. ಬ್ರಶ್ ಕೆಲಸಕ್ಕೂ ಟು-ಕೆ ಕೂಲಿಯನ್ನೇ ಕೊಟ್ಟೆ. ಅದರಿಂದ ಅವರ ಪುಪ್ಪುಸಕ್ಕೇನೂ ಆಗಲಿಲ್ಲ, ನನಗೆ ಆ ರಾತ್ರಿ ನಿದ್ದೆ ಬಂತು. ಎರಡೂ ಒಂದೇ ಅಲ್ಲ.

ಹೊರಮೈಯ ಕೆನೆಬಣ್ಣ ಯಾವುದು ಎಂದು ನೀವು ಕೇಳಬಹುದು. ಅದು ಟು-ಕೆಯೇ. ಹಿಂದಿನ ವಾರವೇ ಹೊಡೆಸಿಯಾಗಿತ್ತು, ಡಬ್ಬ ಓದಿರಲಿಲ್ಲ. ಓದಿದ್ದರೆ ಬೇಡ ಅನ್ನುತ್ತಿದ್ದೆನೇ? ಚಿಕ್ಕಪ್ಪ ಆ ದಿನ ಬಾಗಿಲ ಮೇಲೆ ತಮ್ಮ ಮುಖ ನೋಡಿಕೊಂಡು ಮೀಸೆ ತೀಡಿಕೊಂಡರು. ನಾನೂ ಪಕ್ಕದಲ್ಲಿ ನಿಂತು ತಲೆ ಬಾಚಿಕೊಂಡೆ.