ಬಾಡಿಗೆಯ ಮನೆ, ಬೆಳಕಿನ ಲೆಕ್ಕ

ಶರಣರು ಧರ್ಮವನ್ನು ಪೂಜೆಯ ಹೊತ್ತಿಗಷ್ಟೇ ಮೀಸಲಿರಿಸಲಿಲ್ಲ. ಕೊಡುವಲ್ಲಿ, ಕೊಳ್ಳುವಲ್ಲಿ, ಅಳೆಯುವಲ್ಲಿ, ತೂಗುವಲ್ಲಿ ಅದರ ಪರೀಕ್ಷೆಯಾಗುವುದೆಂದು ಅವರು ಬಗೆದರು. ಈ ದೃಷ್ಟಿಯಿಂದ ಇಂದಿನ ಸದ್ಗೃಹಸ್ಥನು ವಿಚಾರಿಸಬೇಕಾದ ಸಣ್ಣ ಸಂಗತಿಯೊಂದುಂಟು. ಅದು ಬಾಡಿಗೆಯ ಮನೆಯ ವಿದ್ಯುತ್ತಿನ ಲೆಕ್ಕ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಓದಿಗೆಂದು, ನೌಕರಿಗೆಂದು, ಸಕ್ಕರೆ ಕಾರ್ಖಾನೆಯ ಕೆಲಸಕ್ಕೆಂದು ಬಂದವರು ಬಾಡಿಗೆಗೆ ಇರುತ್ತಾರೆ. ಒಂದೇ ಮೀಟರಿನಲ್ಲಿ ಎರಡು ಮೂರು ಸಂಸಾರಗಳು ನಡೆಯುವುದುಂಟು. ಹೆಸ್ಕಾಂ ಕೊಡುವ ಬಿಲ್ಲು ಮನೆಯೊಡೆಯನ ಹೆಸರಿಗೆ ಬರುತ್ತದೆ. ‘ಲೈಟ್ ಬಿಲ್ಲಿ’ನ ಹಣವನ್ನು ಆತನು ಉಳಿದವರಿಂದ ಕೂಡಿಸುತ್ತಾನೆ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ, ಮಾಸಿಕ 200 ಯುನಿಟ್ಟುಗಳೊಳಗೆ, ಹಿಂದಿನ ಸರಾಸರಿ ಬಳಕೆಯನ್ನನುಸರಿಸಿ ಉಚಿತ ವಿದ್ಯುತ್ತು ದೊರೆಯುತ್ತದೆ. ಬಾಡಿಗೆದಾರರೂ ಇದಕ್ಕೆ ಅರ್ಹರು.

ಹೀಗಿರಲು ಶೂನ್ಯ ಬಿಲ್ಲು ಬಂದ ತಿಂಗಳಲ್ಲಿಯೂ ಬಾಡಿಗೆದಾರನಿಂದ ದೀಪದ ಹಣ ಪಡೆಯಬಹುದೆ? ಬಿಲ್ಲಿನಲ್ಲಿರುವುದಕ್ಕಿಂತ ಹೆಚ್ಚಿನ ದರವನ್ನು ಉಪಮೀಟರಿಗೆ ಹಚ್ಚಬಹುದೆ?

“ಮನೆ ನನ್ನದು, ಮೀಟರು ನನ್ನದು; ನೀರಿನ ಪಂಪು, ಮೆಟ್ಟಿಲ ದೀಪಗಳ ಖರ್ಚೂ ನನ್ನದೇ” ಎಂದು ಮನೆಯೊಡೆಯನು ಹೇಳಬಹುದು. ಮಾತಿನಲ್ಲಿ ಸ್ವಲ್ಪ ಹುರುಳುಂಟು. ಆದರೆ ಆ ಖರ್ಚನ್ನು ಮೊದಲೇ ತಿಳಿಸಿ ಬಾಡಿಗೆಯಲ್ಲಿ ಸೇರಿಸುವುದು ಒಂದು, ದೀಪದ ಹೆಸರಿನಲ್ಲಿ ಮರೆಮಾಡಿ ಪಡೆಯುವುದು ಬೇರೊಂದು. ಬಾಡಿಗೆಯು ಇಬ್ಬರೂ ಒಪ್ಪಿದ ಬೆಲೆ. ದೀಪದ ಹಣವಾದರೋ ಕಂಪನಿಗೆ ಮುಟ್ಟಿಸಲೆಂದು ನಂಬಿ ಕೊಟ್ಟ ನಿಕ್ಷೇಪ. ಕಟ್ಟದ ಬಿಲ್ಲಿನ ಹಣವನ್ನು ಉಳಿಸಿಕೊಳ್ಳುವುದು ನಿಕ್ಷೇಪಾಪಹಾರವೇ. ಮೊತ್ತ ಸಣ್ಣದಾದ ಮಾತ್ರಕ್ಕೆ ದೋಷ ಸಣ್ಣದಾಗದು.

ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ನೆನೆಯಿರಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಮಿಕ್ಕುದನ್ನು ಇದ್ದೆಡೆಗೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದಳು. ಆ ಅಕ್ಕಿಯನ್ನು ಬೇಡಿ ಬಂದವರಾರೂ ಇರಲಿಲ್ಲ. ಆದರೂ ಅಳತೆಗೆ ಮೀರಿದುದು ತಮ್ಮದಲ್ಲವೆಂಬ ಎಚ್ಚರ ಆ ಬಡ ಮನೆಯಲ್ಲಿತ್ತು. ನಮ್ಮಲ್ಲಿಯಾದರೋ ಹಣ ಕೊಟ್ಟವನು ಗೋಡೆಯಾಚೆಗೇ ಇದ್ದಾನೆ.

ಧರ್ಮವು ಒಬ್ಬನಿಗೇ ಅಲ್ಲ. ಬಾಡಿಗೆಯಲ್ಲಿಯೇ ದೀಪವೂ ಸೇರಿದೆಯೆಂದು ಹಗಲಿರುಳು ಫ್ಯಾನು ತಿರುಗಿಸುವ, ಕದ್ದು ಹೀಟರು ಉರಿಸುವ ಬಾಡಿಗೆದಾರನೂ ಪರರ ಸೊತ್ತನ್ನೇ ಉಣ್ಣುತ್ತಾನೆ.

ಆದುದರಿಂದ ಬಿಲ್ಲನ್ನು ಇಬ್ಬರೂ ನೋಡಬೇಕು. ತಿಂಗಳ ಮೊದಲ ಹಾಗೂ ಕೊನೆಯ ಅಂಕಿಗಳನ್ನು ಬರೆದಿಡಬೇಕು. ಸಾಧ್ಯವಿದ್ದಲ್ಲಿ ಪ್ರತಿ ಸಂಸಾರಕ್ಕೂ ಕಂಪನಿಯ ಪ್ರತ್ಯೇಕ ಮೀಟರು ಹಾಕಿಸುವುದು ಲೇಸು. ಮೂರು ಸಂಸಾರಗಳು 80ರಂತೆ ಬಳಸಿದರೆ ಒಂದೇ ಮೀಟರಿನಲ್ಲಿ 240 ಆಗಿ, ಮಿತಿ ಮೀರಿ, ಪೂರ್ಣ ಬಿಲ್ಲು ಬರುತ್ತದೆ. ಬೇರೆ ಬೇರೆ ಮೀಟರುಗಳಿದ್ದರೆ ಯಾರೊಬ್ಬರೂ 200 ದಾಟುವುದಿಲ್ಲ. ಮನೆಯೊಡೆಯನ ಆಲಸ್ಯದಿಂದ ಬಡವನ ಪಾಲು ತಪ್ಪಬಾರದು.

ದುಡಿದು ಬಂದುದನ್ನೇ ದಾಸೋಹಕ್ಕೆ ಸಲ್ಲಿಸಬೇಕೆಂಬುದು ಶರಣರ ನಿಯಮ. ಬಾಡಿಗೆದಾರನಿಂದ ಮರೆಯಲ್ಲಿ ಪಡೆದ ಹಣದಿಂದ ಮಾಡಿದ ದಾಸೋಹವು ಲಿಂಗಕ್ಕೆ ಸಲ್ಲದು. ಈ ತಿಂಗಳ ಬಿಲ್ಲು ಕೈಗೆ ಬಂದಾಗ ಭಕ್ತರು ಇದನ್ನು ತಮ್ಮ ತಮ್ಮ ಮನೆಗಳಲ್ಲಿ ವಿಚಾರಿಸಲಿ.