ಹಂಚಿಕೊಂಡರೆ ಕಳವೇ?

ಮಕ್ಕಳಿಗೆ ನಾವು ಮೊದಲು ಕಲಿಸುವ ನೀತಿಗಳು ಎರಡು. ಇದ್ದುದನ್ನು ಹಂಚಿಕೊಂಡು ತಿನ್ನಬೇಕು. ಪರರ ವಸ್ತುವನ್ನು ಮುಟ್ಟಬಾರದು. ಡಬ್ಬಿಯಲ್ಲಿರುವ ಚಕ್ಕುಲಿಯ ವಿಷಯದಲ್ಲಿ ಈ ಎರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ತನ್ನದನ್ನು ಕೊಟ್ಟವನು ಉದಾರಿ, ಪರರದನ್ನು ತೆಗೆದವನು ಕಳ್ಳ. ಆದರೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮನೆಯ ಕಂಪ್ಯೂಟರಿನಲ್ಲಿರುವ ಚಿತ್ರ ಬರೆಯುವ ಪ್ರೋಗ್ರಾಮನ್ನು ಪೆನ್ ಡ್ರೈವಿಗೆ ಹಾಕಿ ಪಕ್ಕದ ಬೆಂಚಿನ ಗೆಳೆಯನಿಗೆ ಕೊಟ್ಟನೆನ್ನಿ. ಅವನು ಮಾಡಿದ್ದು ಔದಾರ್ಯವೋ, ಕಳವೋ? ಅವನದು ಅವನಲ್ಲಿಯೇ ಉಳಿದಿದೆ, ಗೆಳೆಯನಿಗೂ ಸಿಕ್ಕಿದೆ, ಯಾರ ಮನೆಯಿಂದಲೂ ಏನೂ ಹೋದಂತೆ ಕಾಣುವುದಿಲ್ಲ. ಆದರೂ ಅದು ಅಪರಾಧವಾಗಬಹುದು. ಈ ಪ್ರಶ್ನೆ ಕಂಪ್ಯೂಟರ್ ಬಲ್ಲವರಿಗೆ ಮಾತ್ರ ಸೇರಿದ್ದೆಂದು ತಳ್ಳಿಹಾಕುವಂತಿಲ್ಲ. 13ರಿಂದ 16ರ ವಯಸ್ಸಿನ ಮಕ್ಕಳಿರುವ ಪ್ರತಿಯೊಂದು ಮನೆಯ ಪ್ರಶ್ನೆ ಇದು ಎಂದು ನಾವು ತಿಳಿದಿದ್ದೇವೆ.

ಸರ್ಕಾರಿ ನೌಕರಿಯಲ್ಲಿರುವವರಿಗೆ ಮೊದಲು ನಿಯಮ ಏನೆನ್ನುತ್ತದೆಂದು ನೋಡುವ ಅಭ್ಯಾಸ. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ 1957ರದು. 1984ರ ತಿದ್ದುಪಡಿ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿತು; ಅಂದರೆ ಕಾನೂನಿನ ಕಣ್ಣಿನಲ್ಲಿ ಕಾದಂಬರಿಗೂ ಪ್ರೋಗ್ರಾಮಿಗೂ ಒಂದೇ ಪಂಕ್ತಿ. 1994ರ ತಿದ್ದುಪಡಿ 63-ಬಿ ಎಂಬ ಪ್ರಕರಣವನ್ನು ತಂದಿತು. ಕಳ್ಳಪ್ರತಿಯೆಂದು ತಿಳಿದೂ ಅದನ್ನು ಕಂಪ್ಯೂಟರಿನಲ್ಲಿ ಬಳಸಿದವನಿಗೆ 7 ದಿನಗಳಿಗೆ ಕಡಮೆಯಿಲ್ಲದೆ 3 ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಎಂದು ಅದು ವಿಧಿಸಿತು. ಲಾಭಕ್ಕಾಗಿ ಬಳಸದಿದ್ದರೆ ಸೆರೆವಾಸವನ್ನು ಬಿಟ್ಟು ದಂಡವನ್ನಷ್ಟೇ ಹಾಕುವ ಅಧಿಕಾರ ನ್ಯಾಯಾಲಯಕ್ಕುಂಟು.

ಕಾನೂನು ಇಷ್ಟು ಕಠಿಣವಾಗಿದ್ದರೂ ನಡೆಯುವುದೇನೆಂಬುದು ಎಲ್ಲರಿಗೂ ಗೊತ್ತು. ಕಚೇರಿಯ ಬಿಳಿ ಕಾಗದವನ್ನು ಮಗುವಿನ ಹೋಂವರ್ಕಿಗೆ ತರಲೊಪ್ಪದ ಪ್ರಾಮಾಣಿಕರ ಮನೆಗಳಲ್ಲಿಯೂ ಕಂಪ್ಯೂಟರ್ ಜೋಡಿಸಿಕೊಡುವವನು "ಎಲ್ಲ ಹಾಕಿಕೊಟ್ಟಿದ್ದೇನೆ ಸಾಹೇಬರೆ" ಎಂದರೆ ಆ 'ಎಲ್ಲ'ಕ್ಕೂ ರಸೀತಿ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ದೊಡ್ಡ ಕಂಪನಿಗೆ ಇದರಿಂದ ಏನು ನಷ್ಟ ಎಂಬ ಸಮಾಧಾನ ಸಿದ್ಧವಾಗಿಯೇ ಇರುತ್ತದೆ. ಈ ಸಮಾಧಾನ ನಿಲ್ಲುವಂಥದ್ದಲ್ಲ. 1976ರ ಫೆಬ್ರವರಿಯಲ್ಲಿ 20 ವರ್ಷದ ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದು, ತಾವು ದುಡಿದು ಬರೆದ ಪ್ರೋಗ್ರಾಮನ್ನು ಹೆಚ್ಚಿನವರು ಕದ್ದು ಬಳಸುತ್ತಿದ್ದಾರೆ, ಹೀಗಾದರೆ ಒಳ್ಳೆಯ ಪ್ರೋಗ್ರಾಮು ಬರೆಯಲು ಯಾರು ಮುಂದೆ ಬಂದಾರು ಎಂದು ಕೇಳಿದರು. ಆಗ ಅವರ ಕಂಪನಿ ದೊಡ್ಡದಾಗಿರಲಿಲ್ಲ. ಕಳೆದುಕೊಂಡವನ ಆಸ್ತಿ ನೋಡಿಕೊಂಡು ಕಳವು ಕಳವೋ ಅಲ್ಲವೋ ಎಂದು ತೀರ್ಮಾನಿಸುವುದಾದರೆ ಮಗುವಿಗೆ ಕಲಿಸಿದ ಎರಡನೆಯ ನೀತಿ ಅಲ್ಲಿಗೆ ಮುಗಿಯಿತು.

ಹಾಗಾದರೆ "ಯಾರಿಗೂ ಕೊಡಬೇಡ, ನಿನ್ನದು ನಿನಗೆ" ಎಂದು ಹೇಳಿಬಿಡೋಣವೆ? ಕಾನೂನಿಗೆ ಇದು ಸರಿ. ಆದರೆ ಗೆಳೆತನವೇ ಪ್ರಪಂಚವಾಗಿರುವ ವಯಸ್ಸಿನಲ್ಲಿ, ಕೇಳಿದವನಿಗೆ ಇಲ್ಲವೆನ್ನುವುದೇ ಪ್ರಾಮಾಣಿಕತೆ ಎಂದು ಕಲಿತ ಹುಡುಗ ಮುಂದೆ ಎಂಥ ನೆರೆಯವನಾದಾನು? ಹಣವಿದ್ದವರ ಮಗನಿಗೆ ಒಳ್ಳೆಯ ಸಾಧನ, ಇಲ್ಲದವರ ಮಗನಿಗೆ ಬರಿಗೈ ಎಂಬುದನ್ನೂ ಅವನು ಸಹಜವೆಂದೇ ತಿಳಿಯುತ್ತಾನೆ. ಕಳ್ಳಪ್ರತಿಯಿಂದ ಎರಡನೆಯ ನೀತಿ ಕೆಡುತ್ತದೆ, ಈ ಎಚ್ಚರಿಕೆಯಿಂದ ಮೊದಲನೆಯದು ಕೆಡುತ್ತದೆ.

ಈ ಇಕ್ಕಟ್ಟನ್ನು ತೀವ್ರವಾಗಿ ಅನುಭವಿಸಿದವರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಒಬ್ಬರು. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಅವರು ಕೆಲಸಮಾಡುತ್ತಿದ್ದಾಗ, 1980ರ ಸುಮಾರಿಗೆ, ಅಲ್ಲಿಗೆ ಬಂದ ಹೊಸ ಮುದ್ರಣಯಂತ್ರದಲ್ಲಿ ಕಾಗದ ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಅದರ ಪ್ರೋಗ್ರಾಮನ್ನು ತುಸು ತಿದ್ದಿದ್ದರೆ ಕಾಗದ ಸಿಕ್ಕಿಕೊಂಡ ಕೂಡಲೇ ಎಲ್ಲರಿಗೂ ತಿಳಿಯುವಂತೆ ಮಾಡಬಹುದಿತ್ತು. ಅದರ ಮೂಲ ಬರಹ ಬೇರೊಂದು ವಿಶ್ವವಿದ್ಯಾಲಯದ ಒಬ್ಬರಲ್ಲಿತ್ತು. ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಸಹಿ ಹಾಕಿಕೊಟ್ಟಿದ್ದೇನೆ ಎಂಬ ಉತ್ತರ ಬಂತು. ಕೊಡದಿದ್ದವರು ಕೆಟ್ಟವರಲ್ಲ, ಕೊಟ್ಟ ಮಾತು ಉಳಿಸಿಕೊಂಡವರು. ಸಹೋದ್ಯೋಗಿಗೆ ನೆರವಾಗಬಾರದೆಂಬ ಮಾತನ್ನೇ ಕೊಡುವಂತೆ ಮಾಡಿದ ಏರ್ಪಾಟು ಸರಿಯೇ ಎಂಬುದು ಸ್ಟಾಲ್ಮನ್ನರ ಪ್ರಶ್ನೆ. 1983ರ ಸೆಪ್ಟೆಂಬರಿನಲ್ಲಿ ಅವರು ಗ್ನೂ ಎಂಬ ಯೋಜನೆಯನ್ನು ಸಾರಿದರು. ಬೇಕಾದ ಕೆಲಸಕ್ಕೆ ಬಳಸುವ, ಒಳಗನ್ನು ಓದಿ ತಿದ್ದಿಕೊಳ್ಳುವ, ಇತರರಿಗೆ ಹಂಚುವ, ತಿದ್ದಿದ್ದನ್ನೂ ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರುವ ಪ್ರೋಗ್ರಾಮುಗಳನ್ನೇ ಬರೆಯಬೇಕೆಂಬುದು ಅದರ ಉದ್ದೇಶ.

ಕಡತಗಳ ನಡುವೆ ಬಾಳುವ ನಮ್ಮಂಥವರಿಗೆ ಇಲ್ಲಿ ಮೆಚ್ಚುಗೆಯಾಗುವುದು 1989ರಲ್ಲಿ ಅವರು ಹೊರಡಿಸಿದ ಪರವಾನಗಿ ಪತ್ರ. ಅದು ಕೃತಿಸ್ವಾಮ್ಯದ ಕಾನೂನನ್ನು ಮುರಿಯಲಿಲ್ಲ; ಅದನ್ನೇ ಆಧಾರ ಮಾಡಿಕೊಂಡಿತು. ಕೃತಿಕಾರನಾಗಿ ನನಗಿರುವ ಹಕ್ಕಿನಿಂದಲೇ ಹೇಳುತ್ತೇನೆ, ಇದನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಆದರೆ ಮುಂದಿನವರಿಗೆ ಕೊಡುವಾಗ ಇದೇ ಸ್ವಾತಂತ್ರ್ಯದೊಡನೆ ಕೊಡಬೇಕು, ಎಂಬುದು ಅದರ ಸಾರ. 1991ರಲ್ಲಿ ಫಿನ್‌ಲ್ಯಾಂಡಿನ 21 ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಮರುವರ್ಷ ಇದೇ ಪರವಾನಗಿಯಡಿ ಬಂದಿತು. ಅಂದಿನಿಂದ ಮೊದಲ ಪ್ರಶ್ನೆಗೆ ಮೂರನೆಯ ಉತ್ತರವೊಂದು ದೊರೆತಿದೆ: ಹಂಚಿದರೆ ಕಳವಾಗದಂಥದ್ದನ್ನು ಮಗುವಿನ ಕೈಗೆ ಕೊಡುವುದು.

ಮೂಲ ಬರಹ ಎಂದರೇನೆಂದು ಕೇಳುವ ಓದುಗರಿಗೆ ನಾಗಪುರದ ಕಿತ್ತಳೆಯೇ ಉದಾಹರಣೆ. ಇಲ್ಲಿಯ ತೋಟಗಳಲ್ಲಿ ಒಳ್ಳೆಯ ಮರದ ಕಣ್ಣನ್ನು ತೆಗೆದು ಜಂಭೀರಿಯಂಥ ನಿಂಬೆಜಾತಿಯ ಸಸಿಗೆ ಕಸಿ ಮಾಡುತ್ತಾರೆ. ಸೀಸೆಯಲ್ಲಿ ತುಂಬಿದ ರಸವನ್ನು ಕೊಂಡವನು ಕುಡಿಯಬಹುದು, ಅಷ್ಟೆ. ಕಣ್ಣು ಸಿಕ್ಕಿದವನು ಗಿಡ ಬೆಳೆಸಬಹುದು, ನೆರೆಯವನಿಗೂ ಕೊಡಬಹುದು. ಅಂಗಡಿಯಿಂದ ಬರುವ ಬಹುಪಾಲು ಪ್ರೋಗ್ರಾಮುಗಳು ಸೀಸೆಯ ರಸ. ಮುಕ್ತ ತಂತ್ರಾಂಶದೊಡನೆ ಕಣ್ಣೂ ಬರುತ್ತದೆ. ಗಡಿಯಾರ ಬಿಚ್ಚಿ ನೋಡಿ ಬೈಸಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಬಿಚ್ಚಿ ನೋಡಲು ಅನುಮತಿಯಿರುವ ಯಂತ್ರ ಕೊಡುವುದು ಉಚಿತವಲ್ಲವೆ?

'ಉಚಿತ' ಎಂಬ ಮಾತು ಬಂದುದರಿಂದ ಇನ್ನೊಂದು ವಿಷಯ. ಇಂಗ್ಲಿಷಿನಲ್ಲಿ ಬಿಟ್ಟಿಗೂ ಸ್ವಾತಂತ್ರ್ಯಕ್ಕೂ ಒಂದೇ ಶಬ್ದವಾಗಿ ಗೊಂದಲವಾಗುತ್ತದೆ. ಕನ್ನಡದಲ್ಲಿ ಉಚಿತ ಬೇರೆ, ಮುಕ್ತ ಬೇರೆ. ಫೋನಿನಲ್ಲಿ ಬಿಟ್ಟಿಯಾಗಿ ಸಿಗುವ ಎಷ್ಟೋ ಆ್ಯಪುಗಳು ಉಚಿತವೇ ಹೊರತು ಮುಕ್ತವಲ್ಲ; ಒಳಗೇನಿದೆಯೆಂದು ನೋಡುವಂತಿಲ್ಲ, ಮಗುವಿನ ಗಮನವನ್ನೇ ಅವು ಬೆಲೆಯಾಗಿ ಪಡೆಯುತ್ತವೆ. ಮುಕ್ತವಾದುದನ್ನು ಬೆಲೆಗೆ ಮಾರುವುದಕ್ಕೂ ಅಡ್ಡಿಯಿಲ್ಲ. ಗೇಟ್ಸರ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ: ಅನೇಕ ಕಂಪನಿಗಳು ಇಂಥ ತಂತ್ರಾಂಶವನ್ನು ನಡೆಸಿಕೊಟ್ಟು, ದುರಸ್ತಿ ಮಾಡಿಕೊಟ್ಟು ದುಡಿಯುತ್ತಿವೆ, ಲಿನಕ್ಸನ್ನು ಬರೆಯುವವರಲ್ಲಿ ಹೆಚ್ಚಿನವರು ಈಗ ಸಂಬಳಕ್ಕೇ ಬರೆಯುತ್ತಾರೆ.

ಕೊಟ್ಟದ್ದರಿಂದ ಬೆಳೆದ ಉದಾಹರಣೆ ಕನ್ನಡದಲ್ಲಿಯೇ ಇದೆ. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡವನ್ನು ಇಂಗ್ಲಿಷ್ ಕೀಲಿಗಳಲ್ಲಿಯೇ ಸುಲಭವಾಗಿ ಬೆರಳಚ್ಚಿಸುವ ವಿನ್ಯಾಸವನ್ನು ರೂಪಿಸಿ, ಅದನ್ನು ಸ್ವಂತದ್ದಾಗಿ ಕಟ್ಟಿಡದೆ ಎಲ್ಲರ ಬಳಕೆಗೆ ಬಿಟ್ಟರು. ಇಂದು ನುಡಿ ತಂತ್ರಾಂಶದಲ್ಲಿ ಬೆರಳಾಡಿಸುವವರೆಲ್ಲ ಬಳಸುತ್ತಿರುವುದು ಆ ವಿನ್ಯಾಸವನ್ನೇ. ಒಬ್ಬೊಬ್ಬರಿಂದಲೂ ಕಾಸು ಕೇಳಿದ್ದರೆ ಅದು ಇಷ್ಟು ಮನೆಗಳಿಗೆ ಮುಟ್ಟುತ್ತಿತ್ತೆ?

ಶಾಲೆಯ ಮಕ್ಕಳ ಮಟ್ಟದಲ್ಲಿ ಇದು ಸಾಧ್ಯವೇ ಎಂಬ ಸಂದೇಹಕ್ಕೂ ಕನ್ನಡ ಮಕ್ಕಳಿಂದಲೇ ಉತ್ತರ ಸಿಗುತ್ತದೆ. ಅವರು ನಮ್ಮಂತೆ ಬೇರೆ ಭಾಷೆಯ ರಾಜ್ಯದಲ್ಲಿರುವ ಮಕ್ಕಳು. 1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ಇವೆ. ಕೇರಳ ಸರ್ಕಾರ 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಎಂಬ ಯೋಜನೆಯನ್ನು ಆರಂಭಿಸಿತು. ಆ ದಶಕ ಮುಗಿಯುವಷ್ಟರಲ್ಲಿ ಪ್ರೌಢಶಾಲೆಗಳ ಕಂಪ್ಯೂಟರ್ ಪಾಠವನ್ನೆಲ್ಲ ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು. 2017ರಿಂದ ಕೈಟ್ ಎಂಬ ಹೆಸರಿನಲ್ಲಿರುವ ಆ ಸಂಸ್ಥೆ 2018ರಲ್ಲಿ 8ರಿಂದ 10ನೆಯ ತರಗತಿಯ ಮಕ್ಕಳಿಗಾಗಿ ಲಿಟಲ್ ಕೈಟ್ಸ್ ಎಂಬ ಶಾಲಾಕೂಟಗಳನ್ನೂ ತೆರೆಯಿತು. ಕಾಸರಗೋಡಿನ ಕನ್ನಡ ಮಕ್ಕಳು ಈ ಪಾಠವನ್ನು ಕನ್ನಡದ ಪಠ್ಯಪುಸ್ತಕದಲ್ಲಿ ಓದುತ್ತಾರೆ. ಶಾಲೆಯಲ್ಲಿ ಕಲಿತ ಪ್ರೋಗ್ರಾಮನ್ನು ಮನೆಗೂ ಒಯ್ಯಬಹುದು, ತಂಗಿಗೂ ಕೊಡಬಹುದು; ಬಡವನ ಮಗನೂ ಅಳುಕದೆ ಒಯ್ಯಬಹುದು.

ನೌಕರಿಯ ಮಾತು ಬಂದೇ ಬರುತ್ತದೆ. ಕಚೇರಿಗಳಲ್ಲಿ ಕೇಳುವುದು ಕಂಪನಿಗಳ ಪ್ರೋಗ್ರಾಮನ್ನು, ಇದನ್ನು ಕಲಿತು ಏನಾಗಬೇಕು ಎನ್ನುವ ತಂದೆತಾಯಿಗಳ ಚಿಂತೆ ಹಗುರವಾದುದಲ್ಲ. ಕೆಲವು ಉದ್ಯೋಗಗಳಲ್ಲಿ ಆ ಪ್ರೋಗ್ರಾಮುಗಳನ್ನೇ ಕಲಿಯಬೇಕಾಗುತ್ತದೆಂಬುದು ನಿಜ. ಆದರೆ 14ರ ಮಗು ನೌಕರಿಗೆ ಸೇರುವ ಹೊತ್ತಿಗೆ ಇಂದಿನ ಪರದೆಯ ಗುಂಡಿಗಳು ಹೀಗೆಯೇ ಇರುವುದಿಲ್ಲ. ಒಂದರಲ್ಲಿ ಲೆಕ್ಕದ ಹಾಳೆಯ ತತ್ವ ತಿಳಿದವನಿಗೆ ಇನ್ನೊಂದು ಕಷ್ಟವಾಗುವುದಿಲ್ಲ. ಮೇಲಾಗಿ ಮುಕ್ತ ತಂತ್ರಾಂಶ ಈಗ ಮೂಲೆಯ ವಸ್ತುವಲ್ಲ. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸ್. 2017ರ ನವೆಂಬರಿನ ಪಟ್ಟಿಯಿಂದೀಚೆಗೆ ಜಗತ್ತಿನ ಅತಿವೇಗದ 500 ಕಂಪ್ಯೂಟರುಗಳೂ ಲಿನಕ್ಸಿನಲ್ಲಿ ನಡೆಯುತ್ತಿವೆ. ಕೇಂದ್ರ ಸರ್ಕಾರವೂ 2015ರಲ್ಲಿ, ತನ್ನ ಕಚೇರಿಗಳಲ್ಲಿ ಇಂಥ ತಂತ್ರಾಂಶಕ್ಕೆ ಮೊದಲ ಆದ್ಯತೆ ಕೊಡಬೇಕೆಂಬ ನೀತಿಯನ್ನು ಪ್ರಕಟಿಸಿತು.

ಇದಕ್ಕಿಂತ ಬಲವಾದ ಆಕ್ಷೇಪಣೆ ಬೇರೊಂದಿದೆ. ಎಲ್ಲರಿಗೂ ಸೇರಿದ್ದು ಯಾರಿಗೂ ಸೇರದ್ದಾಗುತ್ತದೆ. ಹಳ್ಳಿಯ ಬಾವಿಯಿಂದ ಎಲ್ಲರೂ ನೀರು ಸೇದುತ್ತಾರೆ. ಹೂಳು ತೆಗೆಯಬೇಕಾದಾಗ ಕೈಗಳು ಕಡಮೆ. 2014ರ ಏಪ್ರಿಲಿನಲ್ಲಿ ಇದು ಜಗತ್ತಿಗೆಲ್ಲ ಅರಿವಾಯಿತು. ಅಂತರಜಾಲದ ಗುಟ್ಟಿನ ವ್ಯವಹಾರಗಳನ್ನು ಕಾಯುವ ಓಪನ್ ಎಸ್.ಎಸ್.ಎಲ್. ಎಂಬ ಮುಕ್ತ ತಂತ್ರಾಂಶದಲ್ಲಿ ದೊಡ್ಡದೊಂದು ದೋಷ ಹೊರಬಿತ್ತು. ಎರಡು ವರ್ಷಗಳಿಂದ ಅದು ಎಲ್ಲರ ಕಣ್ಣೆದುರಿನಲ್ಲಿಯೇ ಇತ್ತು. ಯಾರು ಬೇಕಾದರೂ ಓದಬಹುದಿತ್ತು, ಆದರೆ ಓದಿದವರಿಲ್ಲ. ಸಿರಿವಂತ ಕಂಪನಿಗಳೂ ಅದನ್ನು ಬಳಸುತ್ತಿದ್ದುವು. ನೋಡಿಕೊಳ್ಳುತ್ತಿದ್ದವರು ಮಾತ್ರ ಬೆರಳೆಣಿಕೆಯಷ್ಟು ಜನ.

ಆದ್ದರಿಂದ ಮಕ್ಕಳಿಗೆ "ಇದು ಬಿಟ್ಟಿ ಸಿಗುತ್ತದೆ, ತೆಗೆದುಕೋ" ಎಂದಷ್ಟೇ ಹೇಳಿಕೊಟ್ಟರೆ ಕಳ್ಳಪ್ರತಿಯ ಬುದ್ಧಿಯನ್ನೇ ಕಾನೂನಿನ ಅಂಗಿ ತೊಡಿಸಿ ಕಲಿಸಿದಂತಾಗುತ್ತದೆ. ಸೇದಿದವನು ಎಂದಾದರೊಮ್ಮೆ ಬಾವಿಗೆ ಇಳಿಯಬೇಕೆಂಬುದನ್ನೂ ಜೊತೆಯಲ್ಲಿಯೇ ಹೇಳಿಕೊಡಬೇಕು. ನಮ್ಮ ಮಟ್ಟಿಗೆ ಇದು ಈ ಪಾಠದ ಮುಖ್ಯ ಭಾಗ.

ನಾಗಪುರದ ನಮ್ಮ ಮಕ್ಕಳು ಕೊಡಬಲ್ಲದ್ದೇನು ಎಂದು ಕೇಳಬಹುದು. ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷ್, ಅಡಿಗೆಮನೆಯಲ್ಲಿ ಕನ್ನಡ ಎಂದು ನಾಲ್ಕು ಭಾಷೆಗಳಲ್ಲಿ ಓಡಾಡುವ ಮಕ್ಕಳು ಇವರು. ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಮೊದಲಾದುವು ಕನ್ನಡದಲ್ಲಿ ಮಾತನಾಡುತ್ತಿರುವುದು ಯಾರೋ ಕೆಲವರು ಸಾಲು ಸಾಲಾಗಿ ಅನುವಾದಿಸಿದ್ದರಿಂದ. ಆ ಅನುವಾದಗಳಲ್ಲಿ ತೊಡಕಿನ ಮಾತುಗಳಿವೆ, ಬಿಟ್ಟುಹೋದ ಸಾಲುಗಳಿವೆ. ಅಜ್ಜಿಗೆ ಅರ್ಥವಾಗುವ ಒಂದು ಮಾತನ್ನು ಹುಡುಕಿ ಅಲ್ಲಿ ಸೇರಿಸಿದ ಮಗು, ಮನೆಯಲ್ಲಿ ಆಡುವ ಕನ್ನಡಕ್ಕೂ ಹೊರಗೆ ಬೆಲೆಯಿದೆಯೆಂದು ತಾನೇ ಕಂಡುಕೊಳ್ಳುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಅಂಬಾಝರಿ ಕೆರೆಯ ಬಗೆಗೋ ಸೀತಾಬರ್ಡಿ ಕೋಟೆಯ ಬಗೆಗೋ ನಾಲ್ಕು ಸರಿಯಾದ ವಾಕ್ಯ ಸೇರಿಸುವುದೂ ಹೂಳು ತೆಗೆಯುವ ಕೆಲಸವೇ. ವ್ಯಾಪಾರಕ್ಕೆ ಸಾಲದ ಭಾಷೆಗೆ ಯಾವ ಕಂಪನಿಯೂ ಕಾದು ಕುಳಿತಿರುವುದಿಲ್ಲ. ಬಾಗಿಲು ತೆರೆದಿರುವ ಕಡೆ ಭಾಷೆಯವರೇ ಒಳಗೆ ಹೋಗಿ ಜಾಗ ಮಾಡಿಕೊಳ್ಳಬಹುದು.

ಇದಕ್ಕೆ ದೊಡ್ಡ ಏರ್ಪಾಡು ಬೇಕಿಲ್ಲ. ಮೂಲೆಗೆ ಸೇರಿರುವ ಹಳೆಯ ಕಂಪ್ಯೂಟರ್ ಅನೇಕ ಮನೆಗಳಲ್ಲಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಅವುಗಳ ಸಂಖ್ಯೆ ಹೆಚ್ಚಿರಲಿಕ್ಕೂ ಸಾಕು. ಹಗುರವಾದ ಲಿನಕ್ಸನ್ನು ಹಾಕಿದರೆ ಅವುಗಳಲ್ಲಿ ಎಷ್ಟೋ ಇನ್ನೂ ಕೆಲವು ವರ್ಷ ದುಡಿಯಬಲ್ಲವು. ಸಂಘದ ಬಂಧುಗಳಲ್ಲಿ ಕಂಪ್ಯೂಟರ್ ಬಲ್ಲ ಯುವಕರಿದ್ದಾರೆ. ತಿಂಗಳಿಗೆ ಒಂದು ಭಾನುವಾರ, ಪರೀಕ್ಷೆಯ ತಿಂಗಳುಗಳನ್ನು ಬಿಟ್ಟು, ಎಂಟು ಹತ್ತು ಮಕ್ಕಳನ್ನು ಕೂಡಿಸಿಕೊಂಡರೆ ಸಾಕು. ಮೊದಲ ದಿನ ಕನ್ನಡ ಬೆರಳಚ್ಚು. ಇನ್ನೊಂದು ದಿನ ಇಂಕ್‌ಸ್ಕೇಪಿನಲ್ಲಿ ಚಿತ್ರ. ಬೇಸಿಗೆಯಲ್ಲಿ ತಾರಸಿಯ ಮೇಲೆ ಮಲಗುವ ದಿನಗಳಲ್ಲಿ ಸ್ಟೆಲೇರಿಯಮ್ಮಿನಲ್ಲಿ ನಾಗಪುರದ ಆಕಾಶವನ್ನು ನೋಡಿ, ಅವೇ ನಕ್ಷತ್ರಗಳನ್ನು ಮೇಲೆ ಗುರುತಿಸುವುದು. ಪ್ರತಿ ಸಲವೂ ಮಕ್ಕಳು ಪ್ರತಿಗಳನ್ನು ಮನೆಗೆ ಒಯ್ಯಲಿ, ಶಾಲೆಯ ಮರಾಠಿ ಗೆಳೆಯರಿಗೂ ಕೊಡಲಿ. ವರ್ಷ ಕಳೆಯುವಷ್ಟರಲ್ಲಿ ಪ್ರತಿಯೊಬ್ಬರೂ ಏನಾದರೊಂದನ್ನು, ಒಂದು ಶಬ್ದವನ್ನಾದರೂ, ತಿದ್ದಿ ಹಿಂದಕ್ಕೆ ಕೊಡಲಿ.

ಮಕ್ಕಳು ಮುಂದೆ ಯಾವ ಯಂತ್ರವನ್ನು ಬಳಸುವರೋ ನಾವು ಕಾಣೆವು. ಯಾವ ಯಂತ್ರ ಬಂದರೂ, ಇದು ನನಗೆ ಯಾರಿಂದ ಬಂತು, ಇದನ್ನು ನಾನು ಯಾರಿಗೆ ಕೊಡಬಹುದು ಎಂಬ ಎರಡು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಈ ವಯಸ್ಸಿನಲ್ಲಿ ಹತ್ತಿದರೆ ಹತ್ತೀತು. ಸಂಘದ ಮುಂದಿನ ಸಭೆಯಲ್ಲಿ ಹಿರಿಯರು ಈ ವಿಷಯವನ್ನು ಎತ್ತಿಕೊಂಡು, ಒಪ್ಪಿಗೆಯಾದರೆ ಬರುವ ದೀಪಾವಳಿಯ ರಜೆಯಲ್ಲಿಯೇ ಮೊದಲ ಭಾನುವಾರವನ್ನು ಗೊತ್ತುಮಾಡಬೇಕೆಂದು ನಮ್ಮ ಬಿನ್ನಹ.