ಕೊನೆಗೆ ಮಿಂದವಳು

ನಾಳೆ ತಲೆಗೆ ನೀರು ಹಾಕಿಕೊಳ್ಳಬೇಕೆಂದರೆ ಇವತ್ತು ರಾತ್ರಿಯೇ ಸೀಗೆಕಾಯಿ ನೆನೆಹಾಕಬೇಕು. ಜೊತೆಗೆ ಬೀಜ ತೆಗೆದ ಅಂಟುವಾಳದ ಸಿಪ್ಪೆ ಒಂದು ಹಿಡಿ, ಒಂದಿಷ್ಟು ಒಣಗಿದ ನೆಲ್ಲಿಕಾಯಿ, ಒಂದು ಚಮಚ ಮೆಂತ್ಯ. ಬೆಳಗ್ಗೆ ಎದ್ದು ಸಣ್ಣ ಉರಿಯಲ್ಲಿ ಕುದಿಸಿ, ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಕಿವುಚಿ, ತೆಳುಬಟ್ಟೆಯಲ್ಲಿ ಸೋಸಿದರೆ ಕಂದು ಬಣ್ಣದ ರಸ ಸಿದ್ಧ.

ಈ ಕಾಯಿಗಳಲ್ಲಿರುವ ಸಪೋನಿನ್ ಒಂದು ತುದಿಯಿಂದ ಎಣ್ಣೆಯನ್ನೂ ಇನ್ನೊಂದರಿಂದ ನೀರನ್ನೂ ಹಿಡಿದುಕೊಳ್ಳುತ್ತದೆ; ಕೊಳೆ ಹೋಗುವುದು ಹಾಗೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಬಿಳಿ ಗಸಿಯಾಗಿ ಒಡೆಯುವಂತೆ ಇದು ಒಡೆಯುವುದಿಲ್ಲ. ಆದರೆ ಕಣ್ಣಿಗೆ ಬಿದ್ದರೆ ಉರಿ ತಪ್ಪದು. ಗಿಡದಿಂದ ಬಂದದ್ದೆಲ್ಲ ಮೃದುವೆಂದು ಯಾರು ಹೇಳಿದರೋ! ಕುದಿಸಿದ ರಸವನ್ನು ಹೊರಗಿಟ್ಟರೆ ಎರಡು-ಮೂರು ದಿನದಲ್ಲಿ ಹುಳಿ ವಾಸನೆ ಬರುತ್ತದೆ. ಹಾಗಾಗಿ ಆವತ್ತಿನದನ್ನು ಆವತ್ತೇ ಮಾಡಿಕೊಳ್ಳಬೇಕು.

ಮಲೆನಾಡು, ಕರಾವಳಿಯ ಕಡೆ ದಾಸವಾಳದ ಎಲೆಯನ್ನೋ ಮತ್ತಿಸೊಪ್ಪನ್ನೋ ನೀರಿನಲ್ಲಿ ಹಿಸುಕಿ ಲೋಳೆಯಾದ ಗೊಂಪು ಮಾಡುತ್ತಾರೆ. ಹಳೇ ಮೈಸೂರಿನ ಮನೆಗಳಲ್ಲಿ ತಲೆ ತೊಳೆಯಲು ಚಿಗರೆಪುಡಿಯಿತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಯ ಜೊತೆಗೆ ಸೀಗೆ, ಅಂಟುವಾಳವನ್ನೂ ಕಾಡಿನಿಂದ ಆಯ್ದು ತಂದವರು. ಸೀಗೆಯದು ಮುಳ್ಳಿನ ಬಳ್ಳಿ. ಪೇಟೆಯಲ್ಲಿ ತೂಕ ಮಾಡಿ ಕೊಳ್ಳುವಾಗ ಆ ಮುಳ್ಳು ನೆನಪಾಗುವುದಿಲ್ಲ.

ನೆನಪಾಗದೆ ಹೋಗುವುದು ಮನೆಯೊಳಗೂ ಇದೆ. ದೀಪಾವಳಿಯ ನೀರು ತುಂಬುವ ಹಬ್ಬವನ್ನು ನಾವು ಎಷ್ಟು ಸೊಗಸಾಗಿ ವರ್ಣಿಸುತ್ತೇವೆ! ಹಂಡೆಯ ಬಿಸಿನೀರು, ನೆತ್ತಿಗೆ ಒತ್ತಿದ ಹರಳೆಣ್ಣೆ, ಸೀಗೆಯ ಘಮ. ಆದರೆ ಹಂಡೆ ತಿಕ್ಕಿದವರು, ನೀರು ಸೇದಿದವರು, ಕಟ್ಟಿಗೆ ಒಟ್ಟಿದವರು, ಬೆಳಕು ಹರಿಯುವ ಮೊದಲೇ ಮಕ್ಕಳನ್ನೆಲ್ಲ ಕೂರಿಸಿ ತಲೆ ತಿಕ್ಕಿದವರು ಬಹುಪಾಲು ಒಬ್ಬಳೇ. ಎಲ್ಲರದೂ ಮುಗಿದ ಮೇಲೆ ತಣಿದ ನೀರಿನಲ್ಲಿ, ತಳದಲ್ಲಿ ಉಳಿದ ಸೀಗೆಯಲ್ಲಿ ಅವಳ ಅಭ್ಯಂಜನ. ಒಲೆಯ ಮೇಲೆ ಆಗಲೇ ಕಡುಬಿನ ನೀರು ಕುದಿಯುತ್ತಿರುತ್ತಿತ್ತು.

1980ರ ದಶಕದಲ್ಲಿ ಅಂಗಡಿಗಳ ಮುಂದೆ ಶಾಂಪೂ ಸ್ಯಾಶೆಗಳು ತೋರಣದ ಹಾಗೆ ನೇತಾಡತೊಡಗಿದಾಗ ಅವಳು ಒಂದನ್ನು ಹರಿದುಕೊಂಡಳು. ಅದನ್ನು ಪರಂಪರೆಯ ನಾಶವೆಂದು ಬರೆಯುವುದು ನನ್ನಿಂದಾಗದು. ಆ ಪುಟ್ಟ ಪೊಟ್ಟಣದಲ್ಲಿ ಅವಳಿಗೆ ಒಂದು ಗಂಟೆಯ ಬಿಡುವೂ ಇತ್ತು.

ಈಗ ಮತ್ತೆ ಮನೆಯಲ್ಲೇ ಮಾಡಿಕೊಳ್ಳುವ ಆಸೆ ಚಿಗುರಿದೆ. ಒಳ್ಳೆಯದೇ. ಬಾಟಲಿ ಕಡಿಮೆಯಾಗುತ್ತದೆ, ತಲೆಗೆ ಏನು ಹಚ್ಚಿಕೊಳ್ಳುತ್ತಿದ್ದೇವೆಂದು ತಿಳಿದಿರುತ್ತದೆ. ಆದರೆ "ಸೀಗೆಯೇ ವಾಸಿ ಕಣೇ" ಎಂದು ಪೇಪರ್ ಓದುತ್ತಾ ಹೇಳುವ ಯಜಮಾನರು ಒಂದು ಸಲ ಅಂಟುವಾಳ ಜಜ್ಜಿ ಬೀಜ ಬಿಡಿಸಲು ಕೂರಲಿ. ಕರಿ ಬೀಜ ಕಲ್ಲಿನಷ್ಟು ಗಟ್ಟಿ, ಸಿಪ್ಪೆಯ ಅಂಟು ಬೆರಳು ಬಿಡುವುದಿಲ್ಲ. ಸೀಗೆ ಪುಡಿ ಮಾಡಿಸಲು ಗಿರಣಿಗೆ ಹೋಗುವ ಪಾಳಿಯೂ ಅವರದೇ ಇರಲಿ. ಮೂಗಿಗೆ ಕಟ್ಟಿಕೊಳ್ಳಲು ಒಂದು ಟವೆಲ್ ಒಯ್ದರೆ ಕ್ಷೇಮ. ಆ ಘಾಟಿಗೆ ಸರದಿಯಲ್ಲಿ ನಿಂತವರೆಲ್ಲ ಸೀನುತ್ತಾರೆ.